ತಾತನ ಮೆಡಲ್ ಮೇಲೆ "ಗೋವಾ 1961" ಅಂತಿದೆ. ಅದು ಯುದ್ಧ ಅಲ್ವಾ?

ಮುಳಬಾಗಿಲು ದೋಸೆ:

ಹೋದ ತಿಂಗಳು ಊರಲ್ಲಿ ಹಳೇ ಮನೆ ಹೆಂಚು ಇಳಿಸುವಾಗ ಅಟ್ಟದ ಮೇಲಿದ್ದ ತಾತನ ಟ್ರಂಕು ಕೆಳಗೆ ಬಂತು. ಮುಚ್ಚಳದ ಮೇಲೆ ಬಿಳಿ ಪೇಂಟಲ್ಲಿ ಅವರ ಮಿಲಿಟರಿ ನಂಬರು. ಒಳಗೆ ಇಲಿ ತಿಂದ ಕಂಬಳಿ, ಪಿಂಚಣಿ ಪುಸ್ತಕ, ಹಾರ್ಲಿಕ್ಸ್ ಬಾಟಲಲ್ಲಿ ಮೂರು ಮೆಡಲ್. ಒಂದರ ರಿಬ್ಬನ್ ಮೇಲೆ ಸಣ್ಣದೊಂದು ಲೋಹದ ಪಟ್ಟಿ. ಹುಣಸೆಹಣ್ಣು ಹಾಕಿ ತಿಕ್ಕಿದ ಮೇಲೆ ಓದೋಕಾಯ್ತು: ಗೋವಾ 1961.

ತಾತ ಮಿಲಿಟರೀಲಿ ಲಾರಿ ಡ್ರೈವರ್. ಮೊಮ್ಮಕ್ಕಳಿಗೆ ಹೇಳ್ತಿದ್ದಿದ್ದು ಒಂದೇ ಕಥೆ. ಬೆಳಗಾವಿಯಿಂದ ರೇಷನ್ ತುಂಬ್ಕೊಂಡು ಅನಮೋಡ ಘಾಟ್ ಇಳಿದ್ರಂತೆ, ಮುಂದೆ ಸೇತುವೆ ಒಡೆದುಹಾಕಿದ್ರಂತೆ, ಹೊಳೆ ದಂಡೇಲಿ ಲಾರಿ ನಿಲ್ಲಿಸ್ಕೊಂಡು ಕೂತಿದ್ರಂತೆ, ಊರವರು ಎಳನೀರು ತಂದುಕೊಟ್ರಂತೆ. ಗುಂಡಿನ ಮಾತೇ ಇಲ್ಲ. ಟೂರ್ ಹೋಗಿಬಂದ ಕಥೆ ಅಂತ ನಾವೆಲ್ಲ ನಗ್ತಿದ್ವಿ.

ಈಗ ವಿಷಯಕ್ಕೆ ಬರ್ತೀನಿ. ಮಗಳು ಎಂಟನೇ ಕ್ಲಾಸು. ಸ್ಕೂಲಲ್ಲಿ "ಸ್ವಾತಂತ್ರ್ಯದ ನಂತರ ಭಾರತ ಮಾಡಿದ ಯುದ್ಧಗಳು" ಅನ್ನೋ ಪ್ರಶ್ನೆಗೆ ಗೋವಾನೂ ಸೇರಿಸಿ ಬರೆದಿದ್ಲು. "ಅದು ಯುದ್ಧ ಅಲ್ಲ, ವಿಮೋಚನೆ" ಅಂತ ಕೆಂಪು ಗೀಟು ಹಾಕಿ ಅರ್ಧ ಮಾರ್ಕು ಕಿತ್ಕೊಂಡಿದ್ದಾರೆ. ಮಾರ್ಕು ಹಾಳಾಗಿ ಹೋಗ್ಲಿ. "ಯುದ್ಧ ಅಲ್ದಿದ್ರೆ ಮೆಡಲ್ ಯಾಕೆ ಕೊಟ್ರಮ್ಮ?" ಅಂತ ಕೇಳ್ತಾಳೆ. ನನ್ನ ಹತ್ರ ಉತ್ತರ ಇಲ್ಲ. ಗೊತ್ತಿರೋರು ಹೇಳಿ.

ಮಾಲೂರು ಮಾಜಿ ಹವಾಲ್ದಾರ್:

ನೋಡಮ್ಮ, ಮೊದಲು ಆ ಹುಣಸೆಹಣ್ಣು ಎತ್ತಿಡು. ಅದು ದೇವರಮನೆ ಚೊಂಬಲ್ಲ. ಒಣಬಟ್ಟೇಲಿ ಒರೆಸಿದ್ರೆ ಸಾಕು.

ನಿನ್ನ ಕೈಲಿರೋದು ಜನರಲ್ ಸರ್ವಿಸ್ ಮೆಡಲ್ 1947. ಮೆಡಲ್ ಒಂದೇ, ಯಾವ ಜಾಗದಲ್ಲಿ ಕೆಲಸ ಮಾಡಿದ್ರೋ ಆ ಜಾಗದ ಪಟ್ಟಿ ಅದರ ಮೇಲೆ ಕೂರುತ್ತೆ. ಜಮ್ಮು ಕಾಶ್ಮೀರ, ಕೊರಿಯಾ, ನಾಗಾ ಬೆಟ್ಟ, ಗೋವಾ, ಲಡಾಖ್, ಮಿಜೋ ಬೆಟ್ಟ, ಕಛ್. ಇದರಲ್ಲಿ ಎಷ್ಟು ನಿನ್ನ ಮಗಳ ಪುಸ್ತಕದಲ್ಲಿವೆ, ಎಣಿಸಿ ನೋಡು.

ನಿಮ್ಮ ತಾತ ಹೇಳಿದ್ದು ಅಕ್ಷರಕ್ಷರ ನಿಜ. ಅನಮೋಡ ಕಡೆಯಿಂದ ಇಳಿದ ಬ್ರಿಗೇಡಿಗೆ ಆಗ ಗೋವಾ ಆಳ್ತಿದ್ದ ಪೋರ್ಚುಗೀಸರು ಎದುರು ನಿಲ್ಲಲಿಲ್ಲ, ಸೇತುವೆ ಒಡೆದು ಹಿಂದಕ್ಕೆ ಹೋದ್ರು. ಆದ್ರೆ ಅದೇ ಡಿಸೆಂಬರ್ 18ನೇ ತಾರೀಕು ಕಾರವಾರದ ಎದುರಿಗಿರೋ ಅಂಜದೀವ್ ದ್ವೀಪದಲ್ಲಿ ಇಳಿದ ನೌಕಾಪಡೆ ಹುಡುಗರಲ್ಲಿ 7 ಜನ ಸತ್ತರು. ಕಡಲಿಂದ ತೋಪು ಹಾರಿಸಿದ ಹಡಗಿನ ಹೆಸರು ಐಎನ್‌ಎಸ್ ಮೈಸೂರು. ಡಿಸೆಂಬರ್ 19ಕ್ಕೆ ಗವರ್ನರ್ ವಸಾಲೊ ಇ ಸಿಲ್ವಾ ಶರಣಾಗಿ ಸಹಿ ಹಾಕಿದ. ಕೊನೇ ಮನುಷ್ಯನ ತನಕ ಹೋರಾಡಿ ಅಂತ ಲಿಸ್ಬನ್ನಿಂದ ಪೋರ್ಚುಗಲ್ ಪ್ರಧಾನಿ ಸಲಜಾರ್ ಹೇಳಿಕಳಿಸಿದ್ದ, ಈತ ಕೇಳಲಿಲ್ಲ. ಕೇಳಿದ್ದಿದ್ರೆ ನಿಮ್ಮ ತಾತನ ಕಥೇಲಿ ಎಳನೀರು ಇರ್ತಿರಲಿಲ್ಲ.

ಇನ್ನೊಂದು. ಆಗ ಉತ್ತರದ ಕಡೆಯಿಂದ ಪಣಜಿಗೆ ನುಗ್ಗಿದ 50 ಪ್ಯಾರಾ ಬ್ರಿಗೇಡಿನ ಮುಖ್ಯಸ್ಥ ಸಗತ್ ಸಿಂಗ್. ಆರು ವರ್ಷ ಆದಮೇಲೆ ಸಿಕ್ಕಿಂನಲ್ಲಿ ಡಿವಿಜನ್ ಕಮಾಂಡರ್ ಅವರೇ. 1967ರ ಸೆಪ್ಟೆಂಬರ್ 11, ಸಿಕ್ಕಿಂ-ಟಿಬೆಟ್ ಗಡಿಯ ನಾಥೂ ಲಾ ಕಣಿವೆ. ಗಡಿ ಗೆರೆ ಮೇಲೆ ನಮ್ಮವರು ಮುಳ್ಳುತಂತಿ ಎಳೀತಿದ್ರು. ಕಂಬ ನೆಡೋನ ಕೈಲಿ ಬಂದೂಕು ಇರುತ್ತಾ? ಬಯಲಲ್ಲಿ ನಿಂತಿದ್ದವರ ಮೇಲೆ ಚೀನಾದವರು ಮೆಷಿನ್‌ಗನ್ ತಿರುಗಿಸಿದ್ರು. ಆಮೇಲೆ ನಮ್ಮ ಫಿರಂಗಿ ಬಿಟ್ಟಿದ್ದು ಮೂರು ದಿನ. ಅಕ್ಟೋಬರ್ 1ಕ್ಕೆ ಅದೇ ಗಡಿಯ ಚೋ ಲಾ ಕಣಿವೇಲಿ ಮತ್ತೆ ಕಾದಾಟ. ಎರಡೂ ಸೇರಿ ನಮ್ಮವರು 88 ಜನ ಹೋದ್ರು, ಆದ್ರೆ ಜಾಗ ಬಿಡಲಿಲ್ಲ. ನಾನು ಆ ಕಡೆ ಡ್ಯೂಟಿ ಮಾಡಿದೀನಿ. 14,000 ಅಡಿ ಮೇಲೆ ನಾಲ್ಕು ಹೆಜ್ಜೆ ಇಟ್ರೆ ಉಸಿರು ಮೇಲೆ ಕೆಳಗೆ ಆಗುತ್ತೆ, ಅಲ್ಲಿ ಕಂಬ ನೆಟ್ಟವರು ಅವರು. ಊರಲ್ಲಿ ಯಾರನ್ನ ಕೇಳಿದ್ರೂ ಚೀನಾ ಅಂದ್ರೆ 62, ಸೋತ್ವಿ, ಅಷ್ಟೇ.

ಚಿಂತಾಮಣಿ ಮೇಷ್ಟ್ರು:

ನಮ್ಮ ಜಾತಿಯವರ ಪರವಾಗಿ ಒಂದು ಮಾತು (ಮೇಷ್ಟ್ರ ಜಾತಿ ಸ್ವಾಮಿ, ಬೇರೆ ಅಲ್ಲ). ಕೀ ಆನ್ಸರಲ್ಲಿ ಇಲ್ಲದ್ದಕ್ಕೆ ಮಾರ್ಕು ಕೊಟ್ರೆ ನಾಳೆ ಇನ್ನೊಬ್ಬ ಪೋಷಕರು ಬಂದು ಕೂರ್ತಾರೆ.

ಆದ್ರೂ ಹೆಸರಲ್ಲೇ ಆಟ ಇರೋದು. ನಾನು ಆರು ವರ್ಷ ಬೀದರ್ ಜಿಲ್ಲೇಲಿದ್ದೆ. ಅಲ್ಲಿ ಸೆಪ್ಟೆಂಬರ್ 17ಕ್ಕೆ ಶಾಲೇಲಿ ಬಾವುಟ ಹಾರಿಸ್ತಾರೆ, ನಮ್ಮ ಚಿಂತಾಮಣೀಲಿ ಅವತ್ತು ಮಾಮೂಲಿ ದಿನ. 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ಹೈದರಾಬಾದಿನ ಮೇಲೆ ಹೋಗಿದ್ದು ಟ್ಯಾಂಕು, ವಿಮಾನ, ಮೇಜರ್ ಜನರಲ್ ಚೌಧರಿ ಕೈಕೆಳಗಿನ ಸೈನ್ಯ. ಹೊಸಪೇಟೆ ಕಡೆ ನಮ್ಮ ಮೈಸೂರು ಸಂಸ್ಥಾನದ ಪಡೆಯೂ ಇತ್ತು. ಕರೆದಿದ್ದು ಮಾತ್ರ "ಪೊಲೀಸ್ ಕಾರ್ಯಾಚರಣೆ". ಹೈದರಾಬಾದ್ ಆಳ್ತಿದ್ದ ನಿಜಾಮರು ಆಗಲೇ ವಿಶ್ವಸಂಸ್ಥೆಗೆ ದೂರು ಕೊಟ್ಟಿದ್ರು. ಯುದ್ಧ ಅಂದ್ರೆ ಎರಡು ದೇಶ ಅಂತ ಒಪ್ಪಿದಂಗಾಗುತ್ತೆ, ಪೊಲೀಸು ಅಂದ್ರೆ ಮನೆಯೊಳಗಿನ ವಿಷಯ.

ನಿಜಾಮರ ಪರ ಇದ್ದ ರಜಾಕಾರರ ಪಡೆ ಬೀದರ್ ಜಿಲ್ಲೆ ಗೋರಟಾ ಊರಲ್ಲಿ ಮಾಡಿದ ಕೊಲೆಗಳನ್ನ ಅಲ್ಲಿನ ಮುದುಕರು ನಿನ್ನೆ ನಡೆದಂಗೆ ಹೇಳ್ತಾರೆ. ಸೈನ್ಯ ಬಂದಮೇಲೆ ಸಾಬರ ಹಟ್ಟಿಗಳಲ್ಲಿ ನಡೆದ ಕೊಲೆಗಳನ್ನ ದನಿ ತಗ್ಗಿಸಿ ಹೇಳ್ತಾರೆ. ಅದನ್ನ ವಿಚಾರಿಸಿದ ಸುಂದರಲಾಲ್ ಸಮಿತಿಯ ವರದಿ ಎಷ್ಟೋ ವರ್ಷ ಹೊರಗೇ ಬರಲಿಲ್ಲ. ಪೊಲೀಸು ಅಂತ ಕರೆದಿದ್ದಕ್ಕೆ ಈ ಎರಡನೇದೂ ಮುಚ್ಚಿಹೋಯ್ತು ಅನ್ನೋದು ನನ್ನ ಅನಿಸಿಕೆ.

ಕೆಜಿಎಫ್ ರಾಬರ್ಟ್‌ಸನ್‌ಪೇಟೆ:

ಅಣ್ಣಾ, ಒಂದೂವರೆ ದಿನದ್ದೆಲ್ಲ ಯುದ್ಧ ಅಂದ್ರೆ ಹೆಂಗೆ? ನಮ್ಮೂರ ಜಾತ್ರೇನೇ ಮೂರು ದಿನ ನಡೆಯುತ್ತೆ.

ಮಾಲೂರು ಮಾಜಿ ಹವಾಲ್ದಾರ್:

ಕಾಶ್ಮೀರದಿಂದ ಲಡಾಖಿಗೆ ಹೋಗೋ ಜೋಜಿ ಲಾ ಕಣಿವೆ, ಪಾಕಿಸ್ತಾನದ ಜೊತೆ ಮೊದಲನೇ ಯುದ್ಧ, 1948ರ ನವೆಂಬರ್ 1. ನಮ್ಮ ಕೊಡಗಿನ ತಿಮ್ಮಯ್ಯನವರು ಸುಮಾರು 11,500 ಅಡಿ ಎತ್ತರಕ್ಕೆ ಟ್ಯಾಂಕ್ ಹತ್ತಿಸಿದ್ರು. ಸೇತುವೆ ತಡೆಯಲ್ಲ ಅಂತ ಟ್ಯಾಂಕಿನ ತಲೆ ಬಿಚ್ಚಿ ಬೇರೆ ಸಾಗಿಸಿ, ಮೇಲೆ ಹೋಗಿ ಜೋಡಿಸಿದ್ದು. ಆ ಕಣಿವೆ ಬಿಡಿಸಿದ್ದು ಒಂದೇ ದಿನದಲ್ಲಿ. ಅದು ಆಗದೆ ಹೋಗಿದ್ರೆ ಲೇಹ್‌ಗೆ ದಾರಿ ಇರ್ತಿರಲಿಲ್ಲ. ಜಾತ್ರೆ ಲೆಕ್ಕ ನೀನೇ ಇಟ್ಕೋ.

ದೋಸೆ ತಾಯಿ, ಮೆಡಲಿನ ಅಂಚು ತಿರುಗಿಸಿ ನೋಡಿದ್ಯಾ? ನಂಬರು, ಹೆಸರು ಅಲ್ಲಿ ಕೆತ್ತಿರ್ತಾರೆ.

ಮುಳಬಾಗಿಲು ದೋಸೆ:

ನೋಡಿದೆ ಸಾರ್. ಮೊಬೈಲ್ ಟಾರ್ಚ್ ಹಾಕಿ ಮಗಳೇ ಓದಿದ್ಲು. ಟ್ರಂಕಿನ ಮೇಲಿದ್ದ ನಂಬರೇ.

ಅಜ್ಜಿಗೂ ತೋರಿಸಿದೆ. ಅಪ್ಪ ಹುಟ್ಟಿ ಆಗಿನ್ನೂ ಹದಿನೈದು ದಿನ ಆಗಿತ್ತಂತೆ. ಬಾಣಂತಿ ಕೋಣೇಲಿದ್ದೆ, ರೇಡಿಯೋ ಇದ್ದ ಶಾನುಭೋಗರ ಮನೆಯಿಂದ ಗೋವಾ ಸುದ್ದಿ ಬಂತು, ನಿಮ್ಮ ತಾತಂದು ಕಾಗದ ಬಂದಿದ್ದು ಸಂಕ್ರಾಂತಿ ಕಳೆದಮೇಲೆ, ಅಷ್ಟು ದಿನ ಯಾರೂ ನನ್ನ ಮುಖ ನೋಡಿ ಮಾತಾಡ್ತಿರಲಿಲ್ಲ ಅಂದ್ರು. ಸ್ಕೂಲಲ್ಲಿ ಅದು ಯುದ್ಧ ಅಲ್ಲ ಅಂದ್ರಂತೆ ಅಜ್ಜಿ, ಅಂದೆ. "ಹೌದಾ" ಅಂದು ಮೊರ ಎಳ್ಕೊಂಡು ಅವರೆಕಾಯಿ ಸುಲಿಯೋಕೆ ಕೂತ್ರು.