ಆನ್‌ಲೈನ್‌ನಲ್ಲಿ ಶರ್ಟ್ ತರಿಸುವಾಗ ಎಲ್, 40, 42, ಜಿಎಸ್‌ಎಂ ಇವನ್ನೆಲ್ಲ ಹೇಗೆ ಓದಬೇಕು?

ಗುಬ್ಬಿ ಹುಡುಗ:
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಎರಡು ಶರ್ಟು, ನನಗೆ ಒಂದೆರಡು ಆನ್‌ಲೈನ್‌ನಲ್ಲಿ ತರಿಸಬೇಕು. ತುಮಕೂರಿನ ಎಂ.ಜಿ. ರಸ್ತೆಯಲ್ಲಾದರೆ ಬಟ್ಟೆ ಮುಟ್ಟಿ ನೋಡಿ, ಹಾಕಿ ನೋಡಿ ತಗೋಬಹುದು. ಫೋನಿನಲ್ಲಿ ಏನೂ ಗೊತ್ತಾಗುತ್ತಿಲ್ಲ. ಒಂದು ಕಡೆ ಎಲ್ ಅಂದರೆ 40, ಇನ್ನೊಂದು ಕಡೆ 42, ಮತ್ತೊಂದು ಕಡೆ ಎಲ್ ಎದುರಿಗೆ 44 ಅಂತ ಇದೆ. ಅಪ್ಪನ ಎದೆ ಸುತ್ತಳತೆ 40 ಇಂಚು, ಸ್ವಲ್ಪ ಹೊಟ್ಟೆ ಇದೆ, ದಿನಾ ತೋಟಕ್ಕೆ ಹೋಗುತ್ತಾರೆ, ಇನ್ ಮಾಡುವ ಅಭ್ಯಾಸ ಇಲ್ಲ. ನಾನು ಬೆಳಗ್ಗೆ ರೈಲಿನಲ್ಲಿ ಬೆಂಗಳೂರಿಗೆ ಓಡಾಡುವವನು. ಇದರ ಜೊತೆಗೆ 120 ಜಿಎಸ್‌ಎಂ, 180 ಜಿಎಸ್‌ಎಂ ಅಂತೆಲ್ಲ ಬರೆದಿರುತ್ತಾರೆ. ಈ ನಂಬರ್ ಜಾಸ್ತಿ ಇದ್ದಷ್ಟೂ ಬಟ್ಟೆ ಒಳ್ಳೆಯದು ಅಂತಾನಾ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ತಿಪಟೂರು ಟೈಲರ್:
ತಮ್ಮಾ, ನೀನು ನೋಡಿದ 40 ಮತ್ತು 44 ಎರಡೂ ಒಂದೇ ಅಳತೆಯ ಶರ್ಟ್ ಇರಬಹುದು. ಕೆಲವರು ಮೈ ಅಳತೆ ಹಾಕುತ್ತಾರೆ, ಅಂದರೆ 40 ಇಂಚು ಎದೆ ಇರುವವರಿಗೆ ಈ ಶರ್ಟ್ ಅಂತ. ಇನ್ನು ಕೆಲವರು ಹೊಲಿದು ಮುಗಿದ ಶರ್ಟಿನ ಅಳತೆಯನ್ನೇ ಹಾಕುತ್ತಾರೆ. ಮೈಗಿಂತ ಶರ್ಟು ದೊಡ್ಡದಿರಲೇಬೇಕು, ಇಲ್ಲದಿದ್ದರೆ ಕೈ ಎತ್ತಿದರೆ ಗುಂಡಿ ಎಳೆಯುತ್ತದೆ. ರೆಗ್ಯುಲರ್ ಫಿಟ್‌ಗೆ 4 ಇಂಚಿನ ಆಸುಪಾಸು, ಸ್ಲಿಮ್ ಫಿಟ್‌ಗೆ 2ರಿಂದ 3 ಇಂಚು ಲೂಸು ಕೊಡುವುದು ವಾಡಿಕೆ. ಹಾಗಾಗಿ ಚಾರ್ಟ್ ತೆಗೆದಾಗ ಮೊದಲು ನೋಡಬೇಕಾದದ್ದು ಇದು ಮೈ ಅಳತೆಯೋ ಶರ್ಟಿನ ಅಳತೆಯೋ ಅನ್ನುವುದು. ಇಂಚೋ ಸೆಂಟಿಮೀಟರೋ ಅಂತಲೂ ನೋಡು. ಇನ್ನೊಂದು ಗೊಂದಲ ಇದೆ. ಆಫೀಸ್ ಶರ್ಟುಗಳಲ್ಲಿ 39, 40, 42 ಅಂತ ಬರುವುದು ಎಷ್ಟೋ ಸಲ ಕಾಲರ್ ಸುತ್ತಳತೆ, ಅದೂ ಸೆಂಟಿಮೀಟರಿನಲ್ಲಿ. 40 ಸೆಂ.ಮೀ. ಕಾಲರ್ ಅಂದರೆ ಹೆಚ್ಚುಕಡಿಮೆ ಹದಿನೈದೂ ಮುಕ್ಕಾಲು ಇಂಚು. ಅದಕ್ಕೂ ಎದೆಯ 40 ಇಂಚಿಗೂ ಸಂಬಂಧವೇ ಇಲ್ಲ.

ಅಪ್ಪನ ಮೈಗೆ ಟೇಪು ಹಿಡಿಯುವುದಕ್ಕಿಂತ ಅವರಿಗೆ ಸರಿಯಾಗಿ ಕೂತಿರುವ, ನಾಲ್ಕಾರು ಸಲ ಒಗೆದಿರುವ ಒಂದು ಶರ್ಟ್ ತಗೋ. ಗುಂಡಿ ಪೂರ್ತಿ ಹಾಕಿ, ಮಂಚದ ಮೇಲೆ ಹಾಸಿ, ಸುಕ್ಕು ಸವರು. ಎಳೆಯಬೇಡ. ಕಂಕುಳ ಹೊಲಿಗೆಯಿಂದ ಒಂದು ಇಂಚು ಕೆಳಗೆ ಈ ಪಕ್ಕದಿಂದ ಆ ಪಕ್ಕಕ್ಕೆ ಅಳತೆ ತೆಗೆ. 22 ಇಂಚು ಬಂದರೆ ಶರ್ಟಿನ ಎದೆ 44. ಹಾಗೇ ಹೊಟ್ಟೆಯ ಹತ್ತಿರ ಒಂದು ಅಳತೆ, ಭುಜದ ಹೊಲಿಗೆಯಿಂದ ಹೊಲಿಗೆಗೆ ಒಂದು, ಕಾಲರ್ ಬುಡದಿಂದ ಕೆಳಗಿನವರೆಗೆ ಉದ್ದ ಒಂದು. ಈ ನಾಲ್ಕನ್ನು ಫೋನಿನಲ್ಲಿ ಬರೆದಿಟ್ಟುಕೋ, ಎಲ್ ಎಕ್ಸೆಲ್ ಮರೆತುಬಿಡು. ಹೊಟ್ಟೆ ಇದ್ದವರಿಗೆ ಸ್ಲಿಮ್ ಫಿಟ್ ಬೇಡವೇ ಬೇಡ.

ಎರಡು ಸೈಜಿನ ನಡುವೆ ಸಿಕ್ಕಿಹಾಕಿಕೊಂಡರೆ ದೊಡ್ಡದನ್ನೇ ತಗೋ. ಪಕ್ಕ ಹಿಡಿಸುವುದು ಯಾವ ಟೈಲರ್‌ಗಾದರೂ ಸಣ್ಣ ಕೆಲಸ. ಬಿಡಿಸಬೇಕು ಅಂದರೆ ರೆಡಿಮೇಡ್ ಶರ್ಟಿನ ಒಳಗೆ ಬಟ್ಟೆಯೇ ಬಿಟ್ಟಿರುವುದಿಲ್ಲ. ಆದರೆ ಭುಜ ಮಾತ್ರ ಸರಿ ಇರಲೇಬೇಕು, ಅದನ್ನು ಸರಿಮಾಡಲು ತೋಳು ಬಿಚ್ಚಿ ಮತ್ತೆ ಕೂರಿಸಬೇಕಾಗುತ್ತದೆ.

ಗೌರಿಬಿದನೂರಿನಿಂದ:
ಟೈಲರ್ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಅಜ್ಜನ ಮನೆ ದೊಡ್ಡಬಳ್ಳಾಪುರ, ಮಗ್ಗದ ಸದ್ದಿನಲ್ಲೇ ಬೆಳೆದವಳು ನಾನು, ಹಾಗಾಗಿ ಬಟ್ಟೆಯ ವಿಷಯ ನಾನು ಹೇಳುತ್ತೇನೆ.

ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅಂತ, ಅಷ್ಟೇ. ಅದು ತೂಕ, ಗುಣಮಟ್ಟದ ಮಾರ್ಕು ಅಲ್ಲ. ಟೀ ಶರ್ಟಿನ ನಂಬರನ್ನು ಶರ್ಟಿಗೆ ಹೋಲಿಸಲೇಬೇಡಿ. ಟೀ ಶರ್ಟ್ ಹೆಣೆದ ಬಟ್ಟೆ, ಅದರಲ್ಲಿ 180 ಅಂದರೆ ಮಧ್ಯಮ, 140 ಆಸುಪಾಸು ಇದ್ದರೆ ತೆಳು. ಶರ್ಟು ನೇಯ್ದ ಬಟ್ಟೆ. ಅದರಲ್ಲಿ 100ರಿಂದ 125ರ ಪಾಪ್ಲಿನ್, ಅಂದರೆ ನಯವಾದ ಸಾದಾ ನೇಯ್ಗೆಯ ಬಟ್ಟೆ, ಬೇಸಿಗೆಗೆ ಹಾಯಾಗಿರುತ್ತದೆ, 140ರಿಂದ 170ರ ಆಕ್ಸ್‌ಫರ್ಡ್, ಅಂದರೆ ಜೋಡಿ ನೂಲಿನ ನೇಯ್ಗೆ, ಸ್ವಲ್ಪ ಗಟ್ಟಿ, 180 ದಾಟಿದರೆ ಮೇಲಂಗಿಯ ಹಾಗೆ ಆಗುತ್ತದೆ. ಡೆನಿಮ್ ಶರ್ಟಿಗೆ ಒಂದು ಚದರ ಗಜಕ್ಕೆ ಇಷ್ಟು ಔನ್ಸ್ ಅಂತ ಲೆಕ್ಕ ಹಾಕಿರುತ್ತಾರೆ. ಒಂದು ಔನ್ಸ್‌ಗೆ 34 ಜಿಎಸ್‌ಎಂ ಅಂದುಕೊಳ್ಳಿ, 4 ಔನ್ಸ್ ಅಂದರೆ 135ರ ಹತ್ತಿರ.

ತೂಕ ಒಂದೇ ಇದ್ದರೂ ಸೆಕೆ ಒಂದೇ ಇರುವುದಿಲ್ಲ, ಇದು ಮುಖ್ಯ. 160ರ ಲಿನನ್‌ನಲ್ಲಿ ನೇಯ್ಗೆ ಬಿಡಿಬಿಡಿಯಾಗಿದ್ದು ಗಾಳಿ ಆಡುತ್ತದೆ, 110ರ ಪಾಲಿಯೆಸ್ಟರ್ ಮಿಶ್ರಣ ತೆಳ್ಳಗಿದ್ದರೂ ಬೆವರು ಮೈಗೇ ಅಂಟಿಕೊಳ್ಳುತ್ತದೆ. ಹಾಗೇ 40, 60 ಅಂತ ನೂಲಿನ ಕೌಂಟ್ ಬರೆದಿದ್ದರೆ ನೋಡಿ. ಇಲ್ಲಿ ನಂಬರ್ ಜಾಸ್ತಿ ಆದಷ್ಟೂ ನೂಲು ಸಣ್ಣ, ಬಟ್ಟೆ ನಯ. ತೋಟಕ್ಕೆ ಹೋಗುವ ನಿಮ್ಮ ತಂದೆಯವರಿಗೆ 60 ಕೌಂಟಿನ ನಯವಾದ ಬಟ್ಟೆ ತಂದರೆ ಮುಳ್ಳಿಗೆ, ಗರಿಗೆ ಸಿಕ್ಕಿ ಬೇಗ ಹರಿಯುತ್ತದೆ. 40 ಕೌಂಟು, 130 ಜಿಎಸ್‌ಎಂ ಸುತ್ತಮುತ್ತಲಿನ ಹತ್ತಿ ಬಟ್ಟೆ ನೋಡಿ.

ಜಿಎಸ್‌ಎಂ ಬರೆದೇ ಇಲ್ಲದಿದ್ದರೆ ಶರ್ಟಿನ ತೂಕ ಕೊಟ್ಟಿದ್ದಾರಾ ನೋಡಿ. ಫುಲ್ ತೋಳಿನ ಎಲ್ ಶರ್ಟಿಗೆ ಅಂದಾಜು ಎರಡು ಚದರ ಮೀಟರ್ ಬಟ್ಟೆ ಹೋಗುತ್ತದೆ. 230 ಗ್ರಾಂ ಇದ್ದರೆ ತೆಳು, 330 ದಾಟಿದರೆ ದಪ್ಪ.

ಪಾವಗಡದ ಅಕ್ಕ:
ನಮ್ಮ ಕಡೆ ಬಿಸಿಲು ಗೊತ್ತಲ್ಲ, ನಮ್ಮನೆಯವರಿಗೆ ನಾನು ತರಿಸುವುದು ಪೂರ್ತಿ ಹತ್ತಿಯ ಶರ್ಟು ಮಾತ್ರ. ಹೆಸರಿನಲ್ಲಿ ‘ಕಾಟನ್ ಫೀಲ್’, ‘ಕಾಟನ್ ರಿಚ್’ ಅಂತ ಇದ್ದರೆ ಅದು 100% ಹತ್ತಿ ಅಂತ ಅಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ಶೇಕಡಾ ಎಷ್ಟು ಅಂತ ಇರುತ್ತದೆ, ಅಲ್ಲಿಗೆ ಹೋಗಿ ಓದಿ.

ಕುಗ್ಗುವ ವಿಷಯ ಯಾರೂ ಹೇಳಲಿಲ್ಲ. ನೇಯುವಾಗ ನೂಲನ್ನು ಬಿಗಿಯಾಗಿ ಎಳೆದಿರುತ್ತಾರೆ, ನೀರು ಬಿದ್ದ ಮೇಲೆ ಅದು ಸಡಿಲವಾಗಿ ಬಟ್ಟೆ ಕುಗ್ಗುತ್ತದೆ. 29 ಇಂಚು ಉದ್ದದ ಶರ್ಟು 4% ಕುಗ್ಗಿದರೆ ಒಂದು ಇಂಚಿಗಿಂತ ಜಾಸ್ತಿ ಹೋಯಿತು. ಇನ್ ಮಾಡದವರಿಗೆ ಅದು ಎದ್ದು ಕಾಣುತ್ತದೆ. ಪ್ರೀ ಶ್ರಂಕ್, ಅಂದರೆ ಹೊಲಿಯುವ ಮೊದಲೇ ಕುಗ್ಗಿಸಿದ ಬಟ್ಟೆ ಅಂತ ಬರೆದಿದ್ದರೆ ಚಿಂತೆ ಕಡಿಮೆ, ಇಲ್ಲದಿದ್ದರೆ ಉದ್ದದಲ್ಲಿ ಒಂದು ಇಂಚು ಜಾಸ್ತಿ ಇರುವುದನ್ನೇ ಆರಿಸಿ. ಬೋರ್‌ವೆಲ್ ಗಡಸು ನೀರಲ್ಲಿ ಸೋಪು ಸರಿಯಾಗಿ ಬಿಡುವುದಿಲ್ಲ, ಬಟ್ಟೆ ಒರಟಾಗುತ್ತದೆ, ಬಿಳಿ ಬಣ್ಣ ಬೇಗ ಮಂಕಾಗುತ್ತದೆ. ದಿನಬಳಕೆಗೆ ಬಿಳಿ ಬೇಡ ಅಂತೀನಿ. ಮತ್ತೆ, ಮೊದಲು ಒಂದೇ ಶರ್ಟ್ ತರಿಸಿ, ಸರಿ ಇದೆ ಅಂತ ಆಗುವವರೆಗೆ ಟ್ಯಾಗ್ ಕೀಳಬೇಡಿ, ಒಗೆಯಬೇಡಿ.

ಗುಬ್ಬಿ ಹುಡುಗ:
ತುಂಬಾ ಥ್ಯಾಂಕ್ಸ್ ಅಣ್ಣ, ಅಕ್ಕಂದಿರೇ. ಅಪ್ಪನ ಹಳೇ ಶರ್ಟ್ ಹಾಸಿ ಅಳೆದೆ. ಎದೆ 22, ಹೊಟ್ಟೆ ಹತ್ತಿರ ಇಪ್ಪತ್ತೆರಡೂವರೆ, ಭುಜ 18, ಉದ್ದ 29. ನನಗೆ ಓವರ್‌ಸೈಜ್ ಟೀ ಶರ್ಟ್ ಬೇಕು, ಅದಕ್ಕೂ ಇದೇ ಲೆಕ್ಕಾನಾ?

ತಿಪಟೂರು ಟೈಲರ್:
ಅಪ್ಪನಿಗೆ ಶರ್ಟಿನ ಅಳತೆ ಎದೆ 44ರಿಂದ 45, ಹೊಟ್ಟೆ 45ಕ್ಕೆ ಕಡಿಮೆ ಇಲ್ಲದ್ದು, ಭುಜ 18, ಉದ್ದ 30 ಇರುವುದನ್ನು ನೋಡು. ಓವರ್‌ಸೈಜ್‌ನಲ್ಲಿ ಭುಜದ ಹೊಲಿಗೆ ಬೇಕಂತಲೇ ತೋಳಿನ ಮೇಲೆ ಇಳಿಸಿರುತ್ತಾರೆ, ಆ ಅಳತೆ ಹೋಲಿಸಿ ಪ್ರಯೋಜನ ಇಲ್ಲ. ಎದೆ, ಉದ್ದ ಎರಡೇ ನೋಡು. ಅದು ಮೊದಲೇ ಲೂಸು, ನಿನ್ನ ಮಾಮೂಲಿ ಸೈಜೇ ಸಾಕು. 220, 240 ಜಿಎಸ್‌ಎಂ ಇದ್ದರೆ ಆಕಾರ ಚೆನ್ನಾಗಿ ನಿಲ್ಲುತ್ತದೆ ನಿಜ, ಆದರೆ ರೈಲಿನ ರಶ್ಶಿನಲ್ಲಿ ಏಪ್ರಿಲ್‌ನಲ್ಲಿ ಹಾಕಿಕೊಳ್ಳಲು 180 ತಗೋ.