ಹಳೆಯ ಕಂಪ್ಯೂಟರಿಗೆ ಐದು ಸಾವಿರ ರೂಪಾಯಿಯಲ್ಲಿ ಏನು ಮಾಡಬಹುದು?

ಪ್ರಶ್ನೆ:
2014ರಲ್ಲಿ ಕೊಂಡ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಇಂಟೆಲ್ ಐ3-4130 ಪ್ರೊಸೆಸರ್, ಎಚ್81 ಮದರ್‌ಬೋರ್ಡ್, 4 ಜಿಬಿ ರ್‍ಯಾಮ್ ಮತ್ತು 500 ಜಿಬಿ ಹಾರ್ಡ್ ಡಿಸ್ಕ್ ಇವೆ. ಗುಂಡಿ ಒತ್ತಿ, ಒಲೆಯ ಮೇಲೆ ಹಾಲು ಕಾಯಿಸಿ ಬಂದರೂ ಪರದೆಯಲ್ಲಿ ಚಕ್ರ ಸುತ್ತುತ್ತಲೇ ಇರುತ್ತದೆ. ಪಿಯುಸಿ ಓದುತ್ತಿರುವ ಮಗಳಿಗೆ ಪಾಠದ ವಿಡಿಯೊ ನೋಡಲು, ಕನ್ನಡದಲ್ಲಿ ಟೈಪ್ ಮಾಡಲು ಇದು ಬೇಕು. ಐದು ಸಾವಿರ ರೂಪಾಯಿ ಮೀರುವಂತಿಲ್ಲ. ಮೊದಲು ಯಾವುದನ್ನು ಬದಲಿಸಲಿ?

ಉತ್ತರ 1:
ಮೊದಲು ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದೆ ಚಿಪ್ಪುಗಳಲ್ಲೇ ಮಾಹಿತಿ ಇಡುವ ಡಿಸ್ಕ್) ಹಾಕಿಸಿ, ಸರ್. ನೀವು ಹೇಳಿದ ವಿಳಂಬಕ್ಕೆ ಮುಖ್ಯ ಕಾರಣ ಪ್ರೊಸೆಸರ್ ಅಲ್ಲ. ತಿರುಗುವ ತಟ್ಟೆಯ ಮೇಲೆ ಚದುರಿರುವ ಸಣ್ಣ ಸಣ್ಣ ಕಡತಗಳನ್ನು ಹುಡುಕಲು ಹಾರ್ಡ್ ಡಿಸ್ಕಿನ ಮುಳ್ಳು ಅತ್ತಿತ್ತ ಓಡಾಡಬೇಕಾಗುವುದೇ ಕಾರಣ. ಕೇಬಲ್ಲಿನಿಂದ ಜೋಡಿಸುವ ಎರಡೂವರೆ ಇಂಚಿನ ಸಾಟಾ ಮಾದರಿಯನ್ನೇ ಕೇಳಿ, ಬೋರ್ಡಿಗೆ ನೇರವಾಗಿ ಸಿಕ್ಕಿಸುವ ಎಂ.2 ಬೇಡ. ಎಚ್81 ಬೋರ್ಡಿನಲ್ಲಿ ಕೆಲವು ಸಾಟಾ ಪೋರ್ಟುಗಳು ಮಾತ್ರ 6 ಜಿಬಿಪಿಎಸ್ ವೇಗದವು, ಕೇಬಲ್ಲನ್ನು ಅವುಗಳಲ್ಲೊಂದಕ್ಕೇ ಜೋಡಿಸಿ. ಹಳೆಯ ಡಿಸ್ಕನ್ನು ಫೋಟೊಗಳಿಗಾಗಿ ಉಳಿಸಿಕೊಳ್ಳಬಹುದು.

ಉತ್ತರ 2:
ಉಳಿದ ಹಣದಲ್ಲಿ ಇನ್ನೊಂದು 4 ಜಿಬಿ ಡಿಡಿಆರ್3 ರ್‍ಯಾಮ್ ಸೇರಿಸಿ. ಸೆಕೆಂಡ್ ಹ್ಯಾಂಡ್ ಸಾಕು, ಆದರೆ ಈಗಿರುವ ರ್‍ಯಾಮ್ ಪಟ್ಟಿಯನ್ನು ಬಿಚ್ಚಿ ಅಂಗಡಿಗೆ ಒಯ್ಯಿರಿ; ಲ್ಯಾಪ್‌ಟಾಪಿನ ರ್‍ಯಾಮ್ ಗಿಡ್ಡವಾಗಿದ್ದು, ನಿಮ್ಮ ಬೋರ್ಡಿನಲ್ಲಿ ಕೂರುವುದಿಲ್ಲ.

ಉತ್ತರ 3:
ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಈ ಪ್ರೊಸೆಸರನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಆದ್ದರಿಂದ ಹೊಸ ಎಸ್‌ಎಸ್‌ಡಿಗೆ ವಿಂಡೋಸ್ ಬದಲಿಗೆ ಬಳಸಬಹುದಾದ, ಉಚಿತ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್ ಮಿಂಟನ್ನೇ ಹಾಕುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಕನ್ನಡ ಗಣಕ ಪರಿಷತ್ತಿನ (ಕೆಜಿಪಿ) ಕೀಲಿಮಣೆ ವಿನ್ಯಾಸವೂ ಅದರಲ್ಲಿ ಸಿಗುತ್ತದೆ.