ಮನೆಯಲ್ಲೇ ಜಪಾನಿ ಕಲಿತು ಎನ್5 ಬರೆಯಬಹುದೇ?

ಪ್ರಶ್ನೆ: ಡಿಸೆಂಬರ್‌ನಲ್ಲಿ ಜೆಎಲ್‌ಪಿಟಿ (ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆ) ಎನ್5, ಅಂದರೆ ಅದರ ಮೊದಲ ಹಂತ, ಬರೆಯಬೇಕು. ಕ್ಲಾಸಿಗೆ ಹೋಗಲು ಆಗುವುದಿಲ್ಲ. ರೋಮನ್ ಲಿಪಿಯಲ್ಲೇ ಶುರು ಮಾಡಲೇ?

ಉತ್ತರ 1: ದಯವಿಟ್ಟು ಬೇಡ, ಓದುವ ವೇಗವೇ ಬರುವುದಿಲ್ಲ. ಹಿರಗಾನ ಎಂಬ ಜಪಾನಿ ಲಿಪಿಯ 46 ಮೂಲ ಅಕ್ಷರಗಳನ್ನು ದಿನಕ್ಕೆ ಐದರಂತೆ ಕೈಯಲ್ಲಿ ಬರೆದು ಕಲಿಯಿರಿ, ಆಮೇಲೆ ಇನ್ನೊಂದು ಲಿಪಿಯಾದ ಕತಕಾನ. ಅಲ್ಲಿ ‘ಶಿ’, ‘ತ್ಸು’ ಅದಲುಬದಲಾಗುತ್ತವೆ. ಗೀಟಿನ ದಿಕ್ಕು ನೋಡಿ: ‘ಶಿ’ಯ ಉದ್ದ ಗೀಟು ಕೆಳಗಿನಿಂದ ಮೇಲಕ್ಕೆ, ‘ತ್ಸು’ವಿನದು ಮೇಲಿನಿಂದ ಕೆಳಕ್ಕೆ.

ಉತ್ತರ 2: ವಾಕ್ಯರಚನೆಗೆ ಹೆದರಬೇಡಿ, ಕನ್ನಡದಂತೆ ಕ್ರಿಯಾಪದ ಕೊನೆಗೇ ಬರುತ್ತದೆ. ವಿಭಕ್ತಿಯೂ ನಮ್ಮಂತೆ ಪದದ ನಂತರವೇ: ‘ಗಕ್ಕೋ ನಿ’ ಅಂದರೆ ‘ಶಾಲೆಗೆ’. ಕನ್ನಡಿಗರು ಎಡವುವುದು ಕರ್ಮಪದದಲ್ಲಿ. ‘ನೀರು ಕುಡಿದೆ’ ಎನ್ನುವಾಗ ನಾವು ‘ಅನ್ನು’ ಬಿಡುತ್ತೇವೆ. ಪರೀಕ್ಷೆಯ ವಾಕ್ಯದಲ್ಲಿ ‘ಮಿಜು ಓ’ (ನೀರು + ಅನ್ನು) ಎಂದೇ ತುಂಬಬೇಕು.

ಉತ್ತರ 3: ಅವರು ಹೇಳಿದ್ದು ಸರಿ, ಆದರೆ ಕಿವಿಯನ್ನು ಮರೆಯಬೇಡಿ. ಪಾಸಾಗಲು ಬೇಕಾದ ಒಟ್ಟು 180ಕ್ಕೆ 80 ಬಂದರೂ ಆಲಿಸುವ ಭಾಗದಲ್ಲಿ 60ಕ್ಕೆ 19 ಬಾರದಿದ್ದರೆ ಫೇಲು. ಮೊದಲ ವಾರದಿಂದಲೇ ಆಡಿಯೊ ಕೇಳಿ, ಜೊತೆಜೊತೆಗೇ ಬಾಯಿಬಿಟ್ಟು ಹೇಳಿ. ಪದಗಳನ್ನು ಕಾರ್ಡ್‌ಗಳಲ್ಲಿ ಮತ್ತೆ ಮತ್ತೆ ತೋರಿಸಿ ನೆನಪಿಸುವ ಆಂಕಿ ಆ್ಯಪ್‌ನಲ್ಲಿ ದಿನಕ್ಕೆ 10 ಹೊಸ ಕಾರ್ಡ್ ಸಾಕು. ಹೆಚ್ಚಾದರೆ ಹಳೆಯವು ಗುಡ್ಡೆಬಿದ್ದು, ನೋಡಲು ಹೊತ್ತು ಸಾಲದೆ ಅಭ್ಯಾಸವೇ ನಿಂತುಹೋಗುತ್ತದೆ. ಒಂದು ದಿನ ತಪ್ಪಿದರೆ ಹೊಸದು ನಿಲ್ಲಿಸಿ, ಬಾಕಿ ಮುಗಿಸಿ.